ಫ್ಯಾಕ್ಟರಿ ಕೂಡಿಸಿದ ಸೀಟು

ಕಾಲಿನಲ್ಲಿ ಕಸುವಿಲ್ಲವಂತೆ! ನನ್ನ ಕಾಲಿನಲ್ಲಿ! ಅರವತ್ತೈದನೇ ಇಸವಿಯಲ್ಲಿ ನನ್ನ ವಿಮಾನ ಹಾರಿಸುವ ಪರೀಕ್ಷೆಯ ವರದಿಯಲ್ಲಿ ಶಂಕ್ರಪ್ಪ ಬರೆದದ್ದು ಅದನ್ನೇ.

ಹಿರೇಕೆರೂರು ಸೀಮೆಯ ಹತ್ತಿಗೆ ವಿಮಾನದಿಂದ ಔಷಧ ಹೊಡೆಯುವ ಕಂಪನಿಯೊಂದು ಚಿಕ್ಕೇರೂರಿನ ಬಯಲಿನಲ್ಲಿ ಬೀಡುಬಿಟ್ಟಿತ್ತು. ಅದರ ಮ್ಯಾನೇಜರ್ ಈ ಶಂಕ್ರಪ್ಪ. ಬೆಂಗಳೂರಿನಲ್ಲಿ ಹಾರಾಟ ಕಲಿತು ಲೈಸೆನ್ಸ್ ಪಡೆದಿದ್ದ ನಾನು ಅಪ್ಪನ ಜೊತೆ ಹಾನಗಲ್ಲಿನಿಂದ ಬಂದಿದ್ದೆ. ಈ ಕೆಲಸ ಸಿಗದಿದ್ದರೆ ವಿಮಾನದ ಮಾತೆತ್ತದೆ ಮದುವೆಗೆ ಒಪ್ಪಬೇಕೆಂದು ಮನೆಯಲ್ಲಿ ಕರಾರಾಗಿತ್ತು.

ಪರೀಕ್ಷೆಗೆಂದು ವಿಮಾನ ಹತ್ತಿ ಕುಳಿತ ಕೂಡಲೇ ಗೊತ್ತಾಯಿತು, ಸೀಟು ಯಾವನೋ ಆರಡಿ ಗಂಡಸಿಗೆ ಮಾಡಿದ್ದು. ಬಾಲದ ಚುಕ್ಕಾಣಿ ಹೊರಳಿಸುವ ಪೆಡಲಿಗೆ ನನ್ನ ಕಾಲಬೆರಳ ತುದಿಯಷ್ಟೇ ಮುಟ್ಟುತ್ತಿತ್ತು.

“ಸೀಟು ಒಂಚೂರು ಮುಂದ ಸರಸ್ರಿ,” ಎಂದೆ.

“ಅದು ಫ್ಯಾಕ್ಟರಿಯವರು ಕೂಡಿಸಿದ್ದು, ಸುಶೀಲವ್ವಾರ. ಸರಿಯೂದಿಲ್ಲ.”

ಬೆನ್ನ ಹಿಂದೆ ಕೌದಿ ಮಡಚಿ ಇಟ್ಟುಕೊಂಡೆ. ಅದನ್ನೂ ತೆಗೆಸಿದ. “ಇದೇನು ಚಕ್ಕಡಿ ಅಂತ ತಿಳಿದೀರೇನು?”

“ಚಕ್ಕಡಿನ ಚಲೋ ಬಿಡ್ರಿ. ಎತ್ತು ಸಣ್ಣದಿದ್ರ ನಮ್ಮ ಮಂದಿ ನೊಗಾನರ ಸರಸಿ ಕಟ್ತಾರ!”

ಹಲ್ಲು ಕಿಸಿದ, ಅಷ್ಟೇ.

ಹಾರಿದ್ದೆಲ್ಲ ಸರಿಯಾಗಿಯೇ ಆಯಿತು. ಇಳಿಯುವಾಗ ಅಡ್ಡಗಾಳಿ ಬೀಸಿತು. ಪೆಡಲನ್ನು ಪೂರ್ತಿ ಒತ್ತಬೇಕು. ಕಾಲು ಅಲ್ಲಿಯವರೆಗೆ ಹೋಗಬೇಕಲ್ಲ! ವಿಮಾನ ಓರೆಯಾಗಿ ಓಡಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿತು. ಶಂಕ್ರಪ್ಪ ಅಲ್ಲೇ ನಿಂತು ವರದಿ ಗೀಚಿದ. ಅಪ್ಪ ಅವನಿಗೆ ಕೈಮುಗಿದು, “ಹೆಣ್ಣುಮಗಳು, ತಪ್ಪು ತಿಳೀಬ್ಯಾಡ್ರಿ,” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆಗೆ ಮುಂಚೆ ಅವನ ಕೈಗೆ ಕೊಟ್ಟಿದ್ದ ಲೈಸೆನ್ಸ್ ವಾಪಸು ತರಲು ಮರುದಿನ ಹೋದೆವು. ಕೆಲಸ ಅಜ್ಜಪ್ಪನೆಂಬ ಪೈಲಟ್‌ಗೆ ಸಿಕ್ಕಿತ್ತು. ಆಸಾಮಿ ನನಗಿಂತ ಗಿಡ್ಡ! ಮೆಕ್ಯಾನಿಕ್ ಪಾನಾ ಹಿಡಿದು ಸೀಟಿನ ಬೋಲ್ಟು ಬಿಚ್ಚಿ, ಮುಂದೆ ಸರಿಸಿ, ಮತ್ತೆ ಬಿಗಿದ. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

“ಸರಿಯೂದಿಲ್ಲ ಅಂದಿದ್ರಿ?” ಎಂದೆ.

“ಅವರು ಪೈಲಟ್ ಅದಾರ್ರಿ,” ಎಂದ ಶಂಕ್ರಪ್ಪ. “ಅವರಿಗೆ ಹೊಂದಬೇಕಲ್ಲ.”

ಅಪ್ಪನ ಮುಖ ಕೆಂಪಾಯಿತು. “ಹತ್ತವ್ವಾ,” ಎಂದ ನನಗೆ. “ಹತ್ತಿ ಕುಂದ್ರು.”

ಹತ್ತಿದೆ. ಪೆಡಲನ್ನು ಕೊನೆಯತನಕ ತುಳಿದೆ. ಬಾಲದ ಚುಕ್ಕಾಣಿ ಪೂರ್ತಿ ಹೊರಳಿದ್ದನ್ನು ಅಲ್ಲಿದ್ದವರೆಲ್ಲ ನೋಡಿದರು.

“ಇಳೀರಿ ಕೆಳಗ!” ಶಂಕ್ರಪ್ಪ ಕೂಗಿದ.

“ನೀವು ಬರದದ್ದು ಸುಳ್ಳು! ಅದನ್ನ ಹೊಡದು ಹಾಕ್ರಿ, ಇಳೀತೇನಿ.”

ಅವನು ವರದಿ ತರಿಸಿದ. ‘ಕಾಲಿನಲ್ಲಿ ಕಸುವಿಲ್ಲ’ ಎಂಬುದರ ಮೇಲೆ ಗೀಟು ಎಳೆದ. ಪಕ್ಕದಲ್ಲೇ, ‘ಸಿಟ್ಟು ಬಹಳ, ಕೆಲಸಕ್ಕೆ ತಕ್ಕವಳಲ್ಲ’ ಎಂದು ಬರೆದು ಸಹಿ ಹಾಕಿದ.