ನೆಲ ಒತ್ತುವ ಕಾಲು

ಬ್ರೇಕ್ ಪರೀಕ್ಷೆಯ ಬಸ್ಸಿನಲ್ಲಿ ಇದ್ದದ್ದು ಎರಡೇ ಸೀಟು. ಒಂದು ಡ್ರೈವರಿನದು, ಇನ್ನೊಂದು ಪಕ್ಕದಲ್ಲಿ ಮೀಟರ್ ಹಿಡಿದು ಕೂರುವವರದು. ಹಿಂದೆಲ್ಲ ಪ್ರಯಾಣಿಕರ ಬದಲು ಮರಳಿನ ಮೂಟೆಗಳು. ಒಂದು ಕಾಲಕ್ಕೆ ಡ್ರೈವರಾಗಿದ್ದವಳು ಮಂಡಿಯ ಆಪರೇಷನ್ ಆದ ಮೇಲೆ ಪಕ್ಕದ ಸೀಟಿಗೆ ಸರಿದಳು, ಶೆಡ್ಡಿನವರ ಬಾಯಲ್ಲಿ ಮೀಟರಕ್ಕ ಆದಳು. ಅದನ್ನು ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಒಂದೇ: ಅವಳ ಸೀಟಿಗೆ ಬಂದು ಕೂತವಳು ಅವಳ ಓರಗಿತ್ತಿ, ಮೈದುನನ ಹೆಂಡತಿ.

ಹೊರಗಿನವಳಾಗಿದ್ದರೆ ಸಂಜೆ ಗೇಟು ದಾಟಿದ ಮೇಲೆ ಮುಖ ನೋಡುವ ಕಷ್ಟ ಇರುತ್ತಿರಲಿಲ್ಲ. ಇವಳು ಜೊತೆಯಲ್ಲೇ ಮನೆಗೂ ಬರುತ್ತಿದ್ದಳು, ಅದೇ ಒಲೆಯ ಮುಂದೆ ನಿಲ್ಲುತ್ತಿದ್ದಳು, "ಅಕ್ಕ, ಉಪ್ಪು ಎಲ್ಲಿಟ್ರಿ?" ಎಂದು ಕೇಳುತ್ತಿದ್ದಳು.

ಕೆಲಸವೇನೋ ಹೇಳುವುದಕ್ಕೆ ಸುಲಭ. ಬ್ರೇಕ್ ಪೆಡಲ್ ಮೇಲೆ ಅಂಗೈಯಗಲದ ಒಂದು ಬಿಲ್ಲೆಯನ್ನು ಬಿಗಿದಿರುತ್ತಾರೆ. ಕಾಲು ಎಷ್ಟು ಭಾರ ಹಾಕಿತು ಎಂಬುದನ್ನು ಅದು ತಂತಿಯ ಮೂಲಕ ಮೀಟರಿಗೆ ಮುಟ್ಟಿಸುತ್ತದೆ, ಮೀಟರು ಗೆರೆ ಎಳೆಯುತ್ತದೆ. ಬಸ್ಸು ವೇಗ ಹಿಡಿದ ಮೇಲೆ ಡ್ರೈವರು ಐವತ್ತು ಕಿಲೋ ಭಾರ ಹಾಕಿ, ಬಸ್ಸು ನಿಲ್ಲುವ ತನಕ ಹಾಗೇ ಹಿಡಿದಿರಬೇಕು. ಗೆರೆ ಮೇಜಿನ ಹಾಗೆ ಸಪಾಟಾಗಿ ಬರಬೇಕು. ಕುಣಿದರೆ, ಬಸ್ಸು ನಿಂತದ್ದು ಬ್ರೇಕಿನಿಂದಲೋ ಕಾಲಿನ ಚಪಲದಿಂದಲೋ ಯಾರಿಗೆ ಗೊತ್ತು? ಡ್ರೈವರು ಕಣ್ಣು ರಸ್ತೆಯಿಂದ ತೆಗೆಯುವಂತಿಲ್ಲ. ಅದಕ್ಕೇ ಪಕ್ಕದವರು ಮೀಟರ್ ನೋಡಿ ಕೂಗಿ ಹೇಳುವುದು: "ಮೂವತ್ತು, ನಲವತ್ತು, ಐವತ್ತು, ಸಾಕು, ಹಿಡಿ."

ಓರಗಿತ್ತಿಯ ಗೆರೆ ಮೊದಲ ವಾರದಿಂದಲೇ ಸಪಾಟು. ಫಿಟ್ಟರ್ ಮೇಸ್ತ್ರಿಯಂತೂ ಒಂದು ಗೆರೆಯನ್ನು ಗೋಡೆಗೆ ಅಂಟಿಸಿಬಿಟ್ಟ. "ಇದರ ಮೇಲೆ ಚಹಾ ಲೋಟ ಇಟ್ಟರೂ ಅಲ್ಲಾಡಲ್ಲ ನೋಡಿ ಮೀಟರಕ್ಕ" ಎಂದ.

"ನನ್ನವು ಎಷ್ಟಿದ್ದವು, ಅವಕ್ಕೆ ಗೋಡೆ ಇರಲಿಲ್ಲವೇನೋ" ಎಂದಳು ಅವಳು.

"ಆಗ ಗಮ್ ಇರಲಿಲ್ಲ ಅಕ್ಕ" ಎಂದು ಅವನು ಹಲ್ಲು ಕಿರಿದ.

ಅದೇ ದಿನ ಅವಳು ಮ್ಯಾನೇಜರ ಬಳಿ ಹೋಗಿ, ಮಂಡಿ ಪೂರ್ತಿ ಸರಿಹೋಗಿದೆ, ನನ್ನ ಸೀಟು ನನಗೆ ಕೊಡಿ ಎಂದಳು. ಮ್ಯಾನೇಜರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಯೋಚಿಸಿದರು. "ಅವರು ಇನ್ನೂ ಖಾಯಂ ಆಗಿಲ್ಲ. ನಾಳೆ ಹೊಸ ಬಸ್ಸಿನಲ್ಲಿ ಮೂರು ಸಲ ಬ್ರೇಕ್ ಹಾಕಲಿ. ಗೆರೆ ನೆಟ್ಟಗೆ ಬಂದರೆ ಸೀಟು ಅವರಿಗೆ ಖಾಯಂ. ಬರದಿದ್ದರೆ ನಿಮಗೆ. ಆಮೇಲೆ ನನ್ನ ತಲೆ ತಿನ್ನಬಾರದು."

ಆ ರಾತ್ರಿ ಊಟದ ಹೊತ್ತಿಗೆ ಅತ್ತೆ ಕಿರಿಯ ಸೊಸೆಯ ತಟ್ಟೆಗೆ ಇನ್ನಷ್ಟು ಬಡಿಸುತ್ತಾ, "ಕಾಲ್ಗುಣ ಅಂದ್ರೆ ಇವಳದು. ಬಂದಳು, ಚಿಕ್ಕವನಿಗೆ ಬಡ್ತಿ ಸಿಕ್ತು. ನಾಳೆ ಇವಳದೂ ಖಾಯಂ ಆಗುತ್ತೆ ನೋಡ್ತಿರು" ಎಂದರು.

"ನನ್ನ ಕಾಲಿಗೆ ಗುಣ ಇಲ್ವಾ ಅತ್ತೆ?"

"ನಿನ್ನ ಕಾಲು ಗುಣ ಆಗೋಕೆ ಡಾಕ್ಟರೇ ಬೇಕಾಯ್ತಲ್ಲೇ" ಎಂದ ಅವಳ ಗಂಡ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಹೊಟ್ಟೆಯೊಳಗೆ ಮಾತ್ರ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು.

ಪಾತ್ರೆ ತೊಳೆಯುವಾಗ ಓರಗಿತ್ತಿ ಹತ್ತಿರ ಸರಿದಳು. "ಅಕ್ಕ, ಒಂದು ಗುಟ್ಟು ಹೇಳ್ತೀನಿ, ಬೈಬಾರದು. ನಾನು ನೀವು ಕೂಗೋದನ್ನ ಕೇಳಿ ಒತ್ತೋದೇ ಇಲ್ಲ. ಬಾಯಿ ಹೇಳೋಷ್ಟರಲ್ಲಿ ತಡ ಆಗಿರುತ್ತೆ. ನೀವು ನೆಲ ಒತ್ತುತೀರಲ್ಲ, ಅದನ್ನ ಓರೆಗಣ್ಣಲ್ಲಿ ನೋಡ್ಕೊಂಡು ಒತ್ತೋದು."

"ಏನು ನೆಲ?"

"ಅಯ್ಯೋ, ನಿಮಗೇ ಗೊತ್ತಿಲ್ವಾ? ನಾನು ಬ್ರೇಕ್ ಹಾಕಿದಾಗೆಲ್ಲ ನಿಮ್ಮ ಬಲಗಾಲೂ ನೆಲ ಒತ್ತುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತು. ಅದು ನಿಂತಲ್ಲಿ ನಾನೂ ನಿಲ್ತೀನಿ."

ಮೀಟರಕ್ಕ ಕೈಯಲ್ಲಿದ್ದ ತಟ್ಟೆಯನ್ನು ಮತ್ತೊಮ್ಮೆ ಉಜ್ಜಿದಳು. ಹಾಗಾದರೆ ಗೋಡೆಯ ಮೇಲಿದ್ದದ್ದು ತನ್ನ ಗೆರೆ. ಅತ್ತೆ ಹೊಗಳಿದ್ದು ತನ್ನ ಕಾಲನ್ನು. ತನ್ನದನ್ನೇ ಕದ್ದು ತನ್ನೆದುರೇ ಮೆರೆಯುವುದು, ಅದನ್ನು ನಗುನಗುತ್ತಾ ಹೇಳುವುದು ಬೇರೆ! ಅವಳು ಬೈಯಲಿಲ್ಲ. "ಸರಿ, ಹೋಗಿ ಮಲಗು" ಎಂದಳು.

ಮರುದಿನ ಬಸ್ಸು ಹತ್ತಿದವಳೇ ಎರಡೂ ಕಾಲನ್ನು ಸೀಟಿನ ಅಡಿಗೆ ಮಡಚಿ, ಪಾದವನ್ನು ಕಬ್ಬಿಣದ ಕಂಬಿಗೆ ಸಿಕ್ಕಿಸಿಕೊಂಡು ಕೂತಳು. ಮಂಡಿ ಚುರುಗುಟ್ಟಿತು. ಚುರುಗುಟ್ಟಲಿ.

ಬಸ್ಸು ವೇಗ ಹಿಡಿಯಿತು. ಓರಗಿತ್ತಿ ಬ್ರೇಕ್ ಒತ್ತಿದಳು. ಮೀಟರಕ್ಕ ತಪ್ಪದೆ ಕೂಗಿದಳು: "ಮೂವತ್ತು, ನಲವತ್ತು, ಐವತ್ತು, ಸಾಕು, ಹಿಡಿ." ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಗೆರೆ ಅರವತ್ತಕ್ಕೆ ಹಾರಿ, ಬಿದ್ದು, ಮತ್ತೆ ಎದ್ದಿತು. ರಸ್ತೆಯ ಕೊನೆಯಲ್ಲಿ ನಿಂತಿದ್ದ ಮ್ಯಾನೇಜರು ಬಸ್ಸು ಹತ್ತಿ ಮೀಟರ್ ನೋಡಿದರು. "ಇದೇನಮ್ಮ, ಒಂಟೆಯ ಬೆನ್ನು?"

ಎರಡನೆಯದು ಇನ್ನೂ ಕೆಟ್ಟದಾಗಿ ಬಂತು. ಮ್ಯಾನೇಜರು ಮೀಟರ್ ನೋಡಿ ಇಳಿದುಹೋದರು. ಓರಗಿತ್ತಿಯ ಹಣೆಯಲ್ಲಿ ಬೆವರಿತ್ತು. ಅವಳ ಕಣ್ಣು ಒಂದು ಕ್ಷಣ ಪಕ್ಕದ ಖಾಲಿ ನೆಲದ ಮೇಲೆ ಓಡಾಡಿ ಮೇಲೆ ಬಂತು.

"ಅಕ್ಕ, ಕಾಲು ನೋಯ್ತಿದೆಯಾ?"

"ನನ್ನ ಕಾಲಿನ ಚಿಂತೆ ನಿನಗೆ ಬೇಡ. ರಸ್ತೆ ನೋಡು."

ಓರಗಿತ್ತಿ ರಸ್ತೆಗೆ ಕಣ್ಣು ತಿರುಗಿಸಿದಳು. ಅರ್ಥವಾಯಿತೆಂದು ಅವಳು ಗೇರ್ ಹಾಕಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೀಟರಕ್ಕನಿಗೆ ಸಂತೋಷವಾಯಿತು. ಇನ್ನೊಂದೇ ಸಲ, ಆಮೇಲೆ ಆ ಸ್ಟಿಯರಿಂಗು, ಆ ಕನ್ನಡಿ, ಆ ಪೆಡಲು ಎಲ್ಲ ತನ್ನದು.

ಮೂರನೆಯ ಸಲ ಬ್ರೇಕ್ ಬಿತ್ತು. ಮರಳಿನ ಮೂಟೆಗಳು ನರಳಿದವು, ಬಸ್ಸಿನ ಮೂತಿ ಬಾಗಿತು. ಆ ಬಾಗುವಿಕೆ ಸೊಂಟಕ್ಕೆ ತಾಕಿದ್ದೇ ತಡ, ಅವಳ ಬಲಗಾಲು ಕಂಬಿಯಿಂದ ಕಿತ್ತುಕೊಂಡು ಮುಂದಕ್ಕೆ ಬಂತು. ಬೇಡ ಎಂದುಕೊಂಡಳು. ಕಾಲು ಕೇಳಲಿಲ್ಲ. ನೆಲವನ್ನು ಒತ್ತಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಬಸ್ಸು ನಿಲ್ಲುವ ತನಕ ಹಾಗೇ ಇತ್ತು. ಅವಳು ಕೂಗುವುದನ್ನೇ ಮರೆತಳು. ಮೀಟರಿನಲ್ಲಿ ಗೆರೆ ಮೇಜಿನ ಹಾಗೆ ಮಲಗಿತ್ತು.

ಮ್ಯಾನೇಜರು ಹತ್ತಿ ಬಂದು ನೋಡಿದರು. "ಹಾಂ, ಇದು ಗೆರೆ. ಮೊದಲೆರಡು ಬ್ರೇಕ್ ಬಿಸಿಯಾಗೋಕೆ ಅಂತ ಬಿಟ್ಟುಬಿಡೋಣ. ಖಾಯಂ ಅಂದ್ಕೊಳ್ಳಿ."

"ನನಗೆ ಯಾವತ್ತಾದರೂ ಹಾಗೆ ಎರಡು ಬಿಟ್ಟುಕೊಟ್ಟಿದ್ದೀರಾ ಸಾರ್?" ಎಂದಳು ಮೀಟರಕ್ಕ.

"ನಿಮಗೆ ಅದು ಬೇಕಾಗಿರಲೇ ಇಲ್ಲವಲ್ಲಮ್ಮ" ಎಂದು ಅವರು ಇಳಿದು ಹೊರಟರು.

ಇಂಜಿನ್ ನಿಂತಿತು.

"ಕೊನೆಗೂ ಬಂತಲ್ಲ ಅಕ್ಕ, ಕಾಲು" ಎಂದಳು ಓರಗಿತ್ತಿ ಮೆಲ್ಲಗೆ.

"ನಾನು ಕಳಿಸಲಿಲ್ಲ. ಅದೇ ಬಂತು."

ಮೀಟರಕ್ಕ ಸ್ಪ್ಯಾನರ್ ತೆಗೆದುಕೊಂಡು ಡ್ರೈವರ್ ಸೀಟಿನ ಬುಡದಲ್ಲಿ ಮಂಡಿಯೂರಿದಳು. ಬಿಲ್ಲೆ ಬಿಚ್ಚಬೇಕಿತ್ತು. ಓರಗಿತ್ತಿ ಗಾಬರಿಯಿಂದ ಬಗ್ಗಿ, "ನೀವು ಏಳಿ, ನಾನು ಬಿಚ್ಚುತೀನಿ" ಎಂದಳು.

"ಮುಟ್ಟಬೇಡ. ಇದೊಂದು ಕೆಲಸ ಆದರೂ ನನಗೆ ಇರಲಿ" ಎಂದಳು ಮೀಟರಕ್ಕ ತಲೆ ಎತ್ತದೆ. "ಕಾಲೆತ್ತು."