ಹರ್ಷನ ರಿಪೋರ್ಟು, ಆಶಾಳ ಬಸಿರು

ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲವೆಂದರೆ ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ನನ್ನ ಸೊಸೆ ಆಶಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೂ ಅವಳು ಬಸುರಿಯಾದಾಗ ಅತ್ತೆ ಕೆರಿಯಮ್ಮನಾದ ನಾನು ಸಿಗಂದೂರು ದೇವಿಗೆ ಕೈಮುಗಿದೆ. ಮಗ ಹರ್ಷವರ್ಧನ ಮಾತ್ರ ಮುಖ ಗಂಟು ಹಾಕಿಕೊಂಡ. "ತೆಗೆಸೋಣ" ಎಂದುಬಿಟ್ಟ. ಕಾರಣ ಕೇಳಿದರೆ ಬಾಯಿಯೇ ಬಿಡಲಿಲ್ಲ. ಎರಡು ವಾರ ಆಶಾ ಸರಿಯಾಗಿ ಊಟ ಮಾಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮೂರಿನ ನರ್ಸ್ ಧನ್ಯಶ್ರೀಯನ್ನು ಮನೆಗೆ ಕರೆಸಿದೆ. ಅವಳು ಕಾರಣ ಕೇಳಿದಾಗ ಹರ್ಷ, ಸಾಗರದ ಆಸ್ಪತ್ರೆಯಲ್ಲಿ ಮಾಡಿಸಿದ್ದ ಹಳೆಯ ರಿಪೋರ್ಟು ತಂದು ಅವಳ ಕೈಗಿಟ್ಟ.

"ಅಮ್ಮಾ, ನೀ ಒಳಗೆ ಹೋಗು."

"ಹೆತ್ತೋಳ ಹತ್ರ ಎಂತ ನಾಚ್ಕೆ? ಹೇಳೋ!"

"ನನ್ನ ವೀರ್ಯದಲ್ಲಿ ನೂರು ಕಣಕ್ಕೆ ಮೂರೇ ಸರಿ ಆಕಾರದ್ದಂತೆ ಸಿಸ್ಟರ್. ನಾನು ಅಡಿಕೆ ಸಸಿ ಮಾಡೋನು. ಸೊಟ್ಟ ಬೀಜ ಕಂಡ್ರೆ ಆಚೆ ಎಸೀತೀನಿ. ಮಗೂಗೆ ಏನಾದ್ರೂ ಊನ ಆದ್ರೆ?"

ಅಯ್ಯೋ ನನ್ನಪ್ಪಾ! ಇದನ್ನು ಒಬ್ಬನೇ ನುಂಗಿಕೊಂಡಿದ್ದನಲ್ಲ!

ಧನ್ಯಶ್ರೀ ನಗಲಿಲ್ಲ. "ಹರ್ಷಣ್ಣ, ಅಡಿಕೆ ಲೆಕ್ಕ ಇಲ್ಲಿ ನಡೆಯಲ್ಲ. ಮಕ್ಕಳಾದ ಗಂಡಸರಲ್ಲೂ ಹೆಚ್ಚಿನವು ಸೊಟ್ಟವೇ. ನೂರಕ್ಕೆ ನಾಲ್ಕು ಸರಿ ಇದ್ರೆ ಸಾಕು ಅಂತಾರೆ ಡಾಕ್ಟ್ರು. ಕಡಿಮೆ ಇದ್ರೆ ಬಸಿರು ನಿಲ್ಲೋದು ತಡ ಆಗ್ಬಹುದು. ಆದ್ರೆ ಅಪ್ಪನಿಂದ ಮಗೂಗೆ ಬರೋ ಗುಣ ಇರೋದು ಕಣದ ಒಳಗಿನ ಕ್ರೋಮೋಸೋಮ್‌ನಲ್ಲಿ. ಹೊರಗಿನ ಆಕಾರ ನೋಡಿ ಅದನ್ನ ಹೇಳಕ್ಕಾಗಲ್ಲ. ಸೊಟ್ಟ ಕಣದಲ್ಲಿ ಇಪ್ಪತ್ಮೂರು ಕ್ರೋಮೋಸೋಮೂ ಸರಿ ಇರ್ಬಹುದು. ಚೆಂದ ಕಾಣೋದ್ರಲ್ಲೂ ಒಂದು ಹೆಚ್ಚುಕಮ್ಮಿ ಆಗಿರ್ಬಹುದು."

"ಹಂಗಾದ್ರೆ ಮಗು ಚೆನ್ನಾಗಿದ್ಯಾ ಅಂತ ತಿಳಿಯೋದು ಹೆಂಗೆ?"

"ಎಲ್ಲ ಬಸುರಿಯರಿಗೂ ಮಾಡೋ ಸ್ಕ್ಯಾನು, ರಕ್ತಪರೀಕ್ಷೆ ಮಾಡ್ಸಿ. ಅನುಮಾನ ಬಂದ್ರೆ ಮುಂದಿಂದು ಡಾಕ್ಟ್ರೇ ಹೇಳ್ತಾರೆ. ಈ ಕಾಗದ ನೋಡ್ಕೊಂಡು ಮಗು ತೆಗೆಸ್ತಾರೇನ್ರಿ?"

ಹರ್ಷ ತಲೆ ತಗ್ಗಿಸಿದ. ಅಲ್ಲಿಯವರೆಗೆ ಬಾಗಿಲ ಹಿಂದೆ ನಿಂತಿದ್ದ ಆಶಾ ಈಚೆ ಬಂದಳು.

"ಇಷ್ಟೇನಾ? ಮಗು ನಿಮ್ದಲ್ಲ ಅನ್ನೋ ಅನುಮಾನ ಬಂದಿದೆ ಅಂದ್ಕೊಂಡಿದ್ದೆ ನಾನು."

"ಛೇ! ಇಲ್ಲ ಮಾರಾಯ್ತಿ, ದೇವ್ರಾಣೆ ಇಲ್ಲ" ಎಂದ ಹರ್ಷ. ಅವನ ಕಣ್ಣಲ್ಲಿ ನೀರು ಬಂತು. ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೊಸನಗರದ ಆಸ್ಪತ್ರೆಗೆ ಹೋಗಿ ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡು ಮಾಡಿಸಿಕೊಂಡು ಬಂದರು.

ಅಣ್ಣಂದಿರೇ, ತಮ್ಮಂದಿರೇ, ವೀರ್ಯದ ರಿಪೋರ್ಟು ನೋಡಿ ಹುಟ್ಟುವ ಮಗುವಿನ ಬಗ್ಗೆ ನೀವೇ ತೀರ್ಪು ಕೊಡಬೇಡಿ. ಗಂಡ ಹೆಂಡತಿ ಒಟ್ಟಿಗೆ ಹೋಗಿ ಡಾಕ್ಟರನ್ನು ಕೇಳಿ. ನೀವು ನಾಚಿಕೊಂಡು ಬಾಯಿ ಮುಚ್ಚಿಕೊಂಡರೆ, ಪಕ್ಕದಲ್ಲಿ ಮಲಗಿದವಳು ಏನೆಂದುಕೊಂಡು ಅಳುತ್ತಿದ್ದಾಳೆ ಎಂಬುದೂ ನಿಮಗೆ ತಿಳಿಯುವುದಿಲ್ಲ.