ಮಂಜುಗಡ್ಡೆ ಸೆನೆಟರನ ನಾಲ್ಕನೇ ಅಧ್ಯಾಯ

ನಡೆದದ್ದು ನಡೆದ ಹಾಗೇ ಇದು; ಉಪ್ಪುಖಾರ ಹೆಚ್ಚಾಗಿದ್ದರೆ ಅದು ಇದನ್ನು ಹೇಳಿದ ಸಂದೀಪನ ಕೈವಾಡ.

ಜಪಾನಿನ ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಹೃಷಿಕೇಶ ಆರು ವರ್ಷದಿಂದ ಒಬ್ಬನೇ ಮನುಷ್ಯನ ಜೊತೆ ಏಗುತ್ತಿದ್ದ. ಆ ಮನುಷ್ಯ ಸತ್ತು ತೊಂಬತ್ತು ವರ್ಷವಾಗಿತ್ತು. ಹೆಸರು ಎಲ್ಮರ್ ಹೋಲ್ಕಂಬ್. ಅಮೆರಿಕದ ಸರೋವರವೊಂದರ ದಂಡೆಯ ಮಂಜುಗಡ್ಡೆ ವ್ಯಾಪಾರಿ; ಎರಡು ಸಲ ಮೇಯರ್, ಒಂದು ಸಲ ರಾಜ್ಯದ ಸೆನೆಟರ್, ಮೂರು ಸಲ ಗವರ್ನರ್ ಚುನಾವಣೆಯಲ್ಲಿ ಸೋತವನು. ಮನೆಮನೆಗೆ ಫ್ರಿಜ್ ಬಂದಾಗ ವ್ಯಾಪಾರವೂ ಕರಗಿತು, ಮತಗಳೂ ಕರಗಿದವು. ಅವನ ಸೋಲುಗಳನ್ನು ಬರೆದು ಬರೆದು ಹೃಷಿಕೇಶನಿಗೆ ತಾನೇ ಮೂರು ಸಲ ನಿಂತು ಸೋತಷ್ಟು ಸುಸ್ತಾಗಿತ್ತು.

ಆ ಪ್ರಬಂಧ ಅವನ ಮಾರ್ಗದರ್ಶಕ ಕುರಾಮೋಚಿ ಪ್ರೊಫೆಸರರ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಮಲಗಿತ್ತು. ಈ ತಿಂಗಳೊಳಗೆ ಅದಕ್ಕೆ ಅವರ ಮುದ್ರೆ ಬೀಳದಿದ್ದರೆ ಸ್ಕಾಲರ್‌ಶಿಪ್ಪೂ ಇಲ್ಲ, ವೀಸಾವೂ ಇಲ್ಲ. ಆದರೂ "ಓದಿದಿರಾ?" ಎಂದು ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

"ಪಿಎಚ್‌ಡಿ ಅಲ್ಲ ಮಗಾ, ಇದು ಪೀಡೆ," ಎಂದ ಓಜಿಮಾ ಬಡಾವಣೆಯ ಗೆಳೆಯ ಸಂದೀಪ, ಭಾನುವಾರ ಬಿಸಿಬೇಳೆಬಾತ್ ಬಡಿಸುತ್ತ. ಐಟಿ ಅವನ ಹೊಟ್ಟೆಪಾಡು, ಮಿಮಿಕ್ರಿ ಕಸುಬು. ಆನ್‌ಲೈನ್ ಉಪನ್ಯಾಸವೊಂದರಲ್ಲಿ ಕೇಳಿದ್ದ ಪ್ರೊಫೆಸರರನ್ನು, ಅವರು ಹಲ್ಲಿನ ಸಂದಿನಲ್ಲಿ ಉಸಿರೆಳೆದುಕೊಳ್ಳುವ ರೀತಿಯನ್ನು, ಇದ್ದ ಹಾಗೇ ಮಾಡಿ ತೋರಿಸಿದ. ಹೃಷಿಕೇಶನಿಗೆ ನಗು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಪ್ರೊಫೆಸರರ ಅದೇ ಉಸಿರು. "ಆನೋ... ಹೃಷಿಕೇಶ್ ಸಾನ್. ಚಾಪ್ಟರ್ ಫೋರ್. ವೆರಿ ಬಿಗ್ ಮಿಸ್ಟೇಕ್." ಕಟ್.

ಆಫೀಸಿನ ಫೋನಿನಿಂದ ಮಾಡಿದ್ದು ಸಂದೀಪನೇ. ಹತ್ತು ನಿಮಿಷ ಬಿಟ್ಟು ಗುಟ್ಟು ಬಿಚ್ಚಿಡಬೇಕೆಂದಿದ್ದ; ಅಷ್ಟರಲ್ಲಿ ಆಫೀಸಿನ ಮೀಟಿಂಗಿಗೆ ಕರೆ ಬಂತು. ಮುಗಿಸಿ ಬರುವಾಗ ಹೃಷಿಕೇಶ ಸೂಟು ತೊಟ್ಟು, ಅಲ್ಲಿನ ರೂಢಿಯಂತೆ ಫೋನ್ ಸೈಲೆಂಟಿಗಿಟ್ಟು ರೈಲು ಹತ್ತಿಯಾಗಿತ್ತು. ಕೈಯಲ್ಲಿ ಸ್ಟೇಷನ್ನಿನಲ್ಲಿ ಕೊಂಡ ಸಿಹಿಯ ಡಬ್ಬ. ತಪ್ಪಾದರೆ ಸಿಹಿ ಹಿಡಿದು ಖುದ್ದಾಗಿ ಹೋಗಿ ಬಗ್ಗಬೇಕು. ಏನು ತಪ್ಪು ಎಂದು ವಿಚಾರಿಸುವುದು ಆಮೇಲೆ.

"ಸುಮಿಮಾಸೆನ್. ನಾಲ್ಕನೇ ಅಧ್ಯಾಯಕ್ಕಾಗಿ ಕ್ಷಮಿಸಬೇಕು," ಎಂದು ಪ್ರೊಫೆಸರರ ಕೋಣೆಯಲ್ಲಿ ಸೊಂಟ ಮುರಿಯುವಷ್ಟು ಬಗ್ಗಿದ.

ಪ್ರೊಫೆಸರರ ಮುಖ ಬಿಳಿಚಿತು. ಕಾಗದದ ಗುಡ್ಡೆಯ ಅಡಿಯಿಂದ ಪ್ರಬಂಧ ಎಳೆದರು. ಕಟ್ಟಿದ್ದ ದಾರ ಇನ್ನೂ ಬಿಚ್ಚಿರಲಿಲ್ಲ. ಅವರೂ ಎದ್ದು ಬಗ್ಗಿದರು. "ತಪ್ಪು ನನ್ನದು. ನಾನು ಓದೇ ಇಲ್ಲ."

ಹಾಗಾದರೆ ಫೋನ್ ಮಾಡಿದವರು ಯಾರು? ಹೃಷಿಕೇಶ ಕೇಳುವ ಮೊದಲೇ ಪ್ರೊಫೆಸರರು ಬಾಗಿಲು ಹಾಕಿ, ಸಿಹಿ ಬಿಚ್ಚಿ, ಮೊದಲ ಪುಟದಿಂದ ಓದಲು ಕೂತರು. ಮೂರು ದಿನ ಅವನನ್ನು ಎದುರಿಗೆ ಕೂರಿಸಿಕೊಂಡೇ ಓದಿದರು; ಅವನ ಫೋನ್ ಸೈಲೆಂಟಿನಲ್ಲೇ ಉಳಿಯಿತು.

ಗುರುವಾರ ಸಂಜೆ ಕಾಶಿವಾ ಸ್ಟೇಷನ್ನಿನಲ್ಲಿ ಸಂದೀಪ ಕಾಯುತ್ತಿದ್ದ, ಮುಖ ಹುಳ್ಳಗೆ. "ಲೋ, ಫೋನ್ ಎತ್ತೋದೇ ಇಲ್ವಲ್ಲೋ ನೀನು! ಅವತ್ತು ಮಾಡಿದ್ದು ನಾನು ಕಣೋ. ಸುಮ್ನೆ ತಮಾಷೆಗೆ. ಏನಾಯ್ತು ಗುರೂ, ಎಲ್ಲ ಹೋಯ್ತಾ?"

ಹೃಷಿಕೇಶ ಚೀಲದಿಂದ ಹಾಳೆ ತೆಗೆದು ತೋರಿಸಿದ. ಕೆಳಗೆ ಕೆಂಪು ಮುದ್ರೆ.

"ಎಷ್ಟು ಹುಡುಕಿದ್ರೂ ನಾಲ್ಕನೇ ಚಾಪ್ಟರಲ್ಲಿ ತಪ್ಪು ಸಿಗ್ಲಿಲ್ಲ ಅಂತ..." ಅವನಿಗೆ ಮಾತು ಮುಗಿಸಲಾಗಲಿಲ್ಲ. "ಅದಕ್ಕೂ ಪ್ರೊಫೆಸರೇ ಸಾರಿ ಕೇಳಿದ್ರು ಕಣೋ!"

ಸಂದೀಪ ಮೊದಲು ಅಳುಕಿ, ಆಮೇಲೆ ನಕ್ಕ. ಆದರೆ ಸದ್ದಿಲ್ಲದೆ ಸಾಲು ನಿಂತಿದ್ದ ಜನರೆಲ್ಲ ತಿರುಗಿ ನೋಡಿದ್ದು ಹೃಷಿಕೇಶನನ್ನು. ಅವನು ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.